ಒಡಂಬಡಿಕೆಯ ಜೊತೆ ಮಂಜೂರಾತಿ ಆದೇಶವನ್ನೂ ಓದಿ

ಉಡುಪಿ, ದಕ್ಷಿಣ ಕನ್ನಡದ ಸ್ವಯಂಸೇವಾ ಸಂಸ್ಥೆಗಳಲ್ಲಿ ಲೆಕ್ಕಪತ್ರ ನೋಡುವವರಿಗೆ ಮಾರ್ಚ್ ಬಂತೆಂದರೆ ಯುಸಿಯದೇ ಚಿಂತೆ. ಕೇಂದ್ರದ ಅನುದಾನವಾದರೆ ಈ ಹಣ ಬಳಕೆ ಪ್ರಮಾಣಪತ್ರವನ್ನು 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲೇ ಕೊಡಬೇಕು. ಅದು ತಿರುಗಿ ಬಂದರೆ ಮುಂದಿನ ಕಂತು ತಡವಾಗುತ್ತದೆ. ಮೊದಲು ಪೆಟ್ಟು ಬೀಳುವುದು ಕ್ಷೇತ್ರದಲ್ಲಿ ದುಡಿಯುವವರ ಸಂಬಳಕ್ಕೆ.

ತಿರುಗಿ ಬರುವ ಕಾರಣಗಳು ಹೆಚ್ಚುಕಡಿಮೆ ಅವೇ. ಹಿಂದಿನ ವರ್ಷದ ಅಖೈರು ಶಿಲ್ಕು (ವರ್ಷದ ಕೊನೆಗೆ ಉಳಿದ ಹಣ) ಈ ವರ್ಷದ ಆರಂಭ ಶಿಲ್ಕಿಗೆ ತಾಳೆಯಾಗಿರುವುದಿಲ್ಲ. ಕೊಟ್ಟ ಮುಂಗಡವನ್ನು ಖರ್ಚೆಂದು ತೋರಿಸಿರುತ್ತಾರೆ. ಬಂದ 6 ಲಕ್ಷದಲ್ಲಿ 5 ಲಕ್ಷಕ್ಕೆ ಬಿಲ್ ಇದ್ದು, ಪೂರೈಕೆದಾರರಿಗೆ 40,000 ರೂಪಾಯಿ ಮುಂಗಡ ಹೋಗಿದ್ದರೆ ಖರ್ಚು 5 ಲಕ್ಷವೇ. 40,000 ಹೊಂದಾಣಿಕೆಯಾಗದ ಮುಂಗಡ, ಉಳಿದ 60,000 ಬ್ಯಾಂಕಿನಲ್ಲಿ ಕಾಣಬೇಕು. ಸಂಬಳ, ಸಾಮಾನ್ಯ ವೆಚ್ಚ, ಆಸ್ತಿ ಸೃಷ್ಟಿ ಈ ಮೂರಕ್ಕೂ ನಮೂನೆಯಲ್ಲಿ ಬೇರೆ ಬೇರೆ ಲೆಕ್ಕ. ಸಾಮಾನ್ಯ ವೆಚ್ಚದ ಹಣದಲ್ಲಿ ಕಂಪ್ಯೂಟರ್ ಕೊಂಡರೆ ಬಿಲ್ ಎಷ್ಟೇ ಚೊಕ್ಕವಾಗಿದ್ದರೂ ಆಕ್ಷೇಪಣೆ ತಪ್ಪದು.

ಬ್ಯಾಂಕ್ ಬಡ್ಡಿಯೂ ಸಂಸ್ಥೆಯದಲ್ಲ. ಅನುದಾನದ ಮೇಲೆ ಬಂದ ಬಡ್ಡಿಯನ್ನು ಲೆಕ್ಕ ಅಂತಿಮವಾದ ಕೂಡಲೇ ಸರ್ಕಾರಕ್ಕೆ ಜಮಾ ಮಾಡಬೇಕು. ದಾನಿಗಳ ಹಣ, ಸದಸ್ಯತ್ವ ಶುಲ್ಕ, ಅನುದಾನ ಎಲ್ಲವೂ ಒಂದೇ ಖಾತೆಯಲ್ಲಿದ್ದರೆ ಯಾವ ಬಡ್ಡಿ ಯಾವುದರದ್ದೆಂದು ಲೆಕ್ಕ ಪರಿಶೋಧಕರೂ ಬಿಡಿಸಲಾರರು. ಆದ್ದರಿಂದ ಯೋಜನೆಗೊಂದು ಪ್ರತ್ಯೇಕ ಉಳಿತಾಯ ಖಾತೆ ಇರಲೇಬೇಕು.

ವಿದೇಶಿ ದೇಣಿಗೆ ಪಡೆಯುವವರಿಗೆ ಇನ್ನೊಂದು ಎಚ್ಚರಿಕೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಆದ ತಿದ್ದುಪಡಿಯ ನಂತರ ಆ ಹಣವನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ, ಆ ಸಂಸ್ಥೆಗೂ ಎಫ್‌ಸಿಆರ್‌ಎ ನೋಂದಣಿ ಇದ್ದರೂ ಅಷ್ಟೇ. ಗ್ರಾಮ ಪಂಚಾಯತ್, ಸಂಜೀವಿನಿ ಒಕ್ಕೂಟಗಳ (ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟ) ಜೊತೆ ಒಡಂಬಡಿಕೆ ಬರೆಯುವಾಗ ‘ಒಕ್ಕೂಟದ ಖಾತೆಗೆ ಹಣ ವರ್ಗಾಯಿಸಲಾಗುವುದು’ ಎಂಬ ಸಾಲನ್ನು ಹಳೆಯ ಮಾದರಿಯಿಂದ ಹಾಗೆಯೇ ಇಳಿಸಬೇಡಿ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯೂ ಶೇ. 50ರಿಂದ 20ಕ್ಕೆ ಇಳಿದಿದೆ.

ಮಾಹಿತಿ ಹಕ್ಕು ಕಾಯ್ದೆಯನ್ನು ಹಲವರು ಇಲಾಖೆಗಷ್ಟೇ ಸಂಬಂಧಿಸಿದ್ದೆಂದುಕೊಂಡಿದ್ದಾರೆ. ಸರ್ಕಾರದಿಂದ ಗಣನೀಯ ಹಣ ಪಡೆಯುವ ಸರ್ಕಾರೇತರ ಸಂಸ್ಥೆಯೂ ಅದರ ವ್ಯಾಪ್ತಿಗೆ ಬರುತ್ತದೆ. ಗಣನೀಯ ಎನ್ನಲು ಅರ್ಧಕ್ಕಿಂತ ಹೆಚ್ಚೇ ಇರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ವೋಚರ್, ದರಪಟ್ಟಿ, ಹಾಜರಿ ಪುಸ್ತಕಗಳನ್ನು ಕೇಳಿದವರ ಮುಂದೆ ಇಡುವಂತೆ ಮೊದಲ ತಿಂಗಳಿಂದಲೇ ಜೋಡಿಸಿಡಿ. ಅನುದಾನದಲ್ಲಿ ಕೊಂಡ ವಸ್ತುಗಳಿಗೆ ಆಸ್ತಿ ವಹಿ ಬೇಕು. ಹಾಳಾದ ತಕ್ಕಡಿಯನ್ನು ಗುಜರಿಗೆ ಹಾಕುವುದಿದ್ದರೂ ಮಂಜೂರು ಮಾಡಿದ ಪ್ರಾಧಿಕಾರದ ಪೂರ್ವಾನುಮತಿ ಪಡೆದು, ಆ ಪತ್ರವನ್ನು ಅದೇ ವಹಿಗೆ ಲಗತ್ತಿಸಿ.