ಅಪ್ಪ ತೂಗಿ ನೋಡಿದ ಎಸ್‌ಎಂಪಿಎಸ್

ಪಟ್ಟಿ ಬರೆದದ್ದು ಒಂದು ಲಗ್ನಪತ್ರಿಕೆಯ ಬೆನ್ನ ಮೇಲೆ. ಮದುವೆ ವಿಡಿಯೊ ಎಡಿಟ್ ಮಾಡುವವರ ಮನೆಯಲ್ಲಿ ಬರೆಯುವ ಕಾಗದಕ್ಕೆ ಬರವಿಲ್ಲ. ಹೆಣ್ಣು ಗಂಡಿನ ಹೆಸರಿನ ಕಾಗುಣಿತ ತಪ್ಪಬಾರದೆಂದು ಪ್ರತಿ ಮದುವೆಗೂ ಒಂದು ಪತ್ರಿಕೆ ಇಸಕೊಂಡಿರುತ್ತೇನೆ. ಕೆಲಸ ಮುಗಿದ ಮೇಲೆ ಅವು ಹಾಲಿನ ಲೆಕ್ಕಕ್ಕೋ ದಿನಸಿ ಚೀಟಿಗೋ ಆಗುತ್ತವೆ. ಅದು 2023ರ ಜನವರಿ, ಧನುರ್ಮಾಸ. ಸಂಕ್ರಾಂತಿ ಕಳೆಯಿತೆಂದರೆ ಮಂಡ್ಯದಲ್ಲಿ ಛತ್ರ ಸಿಗುವುದೇ ಕಷ್ಟ. ಅಷ್ಟರೊಳಗೆ ಹೊಸ ಕಂಪ್ಯೂಟರ್ ಮೇಜಿಗೆ ಬಂದು ಕೂರಬೇಕಿತ್ತು.

ಹಳೆಯದರ ಪ್ರಾಸೆಸರು ಮೂರನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್. ಹತ್ತು ವರ್ಷ ದುಡಿದಿತ್ತು, ಅದರದೇನೂ ತಪ್ಪಿಲ್ಲ. ನನಗೆ ಕೆಲಸ ಕೊಡುವ ಫೋಟೊಗ್ರಾಫರ್ ದೀಪಾವಳಿಗೆ ಹೊಸ ಕ್ಯಾಮೆರಾ ತಗೊಂಡರು. ಅದರಿಂದ ಬರುವ 4ಕೆ ಫೈಲುಗಳು ಹತ್ತು ಬಿಟ್ಟಿನವು, 4:2:2 ಬಗೆಯವು, ಅಂದರೆ ಬಣ್ಣದ ವಿವರ ಜಾಸ್ತಿ ತುಂಬಿಕೊಂಡಂಥವು. ಅವನ್ನು ಹಾಕಿ ಪ್ಲೇ ಒತ್ತಿದರೆ ಮದುಮಗ ತಾಳಿ ಹಿಡಿದು ಕೈ ಎತ್ತುತ್ತಿದ್ದ, ಅಲ್ಲೇ ನಿಲ್ಲುತ್ತಿದ್ದ. ನಾನು ಒಲೆಯ ಮೇಲಿನ ಹಾಲು ನೋಡಿಕೊಂಡು ಬರುವಷ್ಟರಲ್ಲಿ ಮೂರು ಗಂಟೂ ಬಿದ್ದಿರುತ್ತಿತ್ತು.

ನನ್ನ ಕೈಲಿದ್ದದ್ದು 70,000 ರೂಪಾಯಿ, ಚೀಟಿ ಎತ್ತಿದ ದುಡ್ಡೂ ಸೇರಿ. ಮಾನಿಟರ್, ಕೀಬೋರ್ಡ್, ಯುಪಿಎಸ್, ಹಳೆಯ ಹಾರ್ಡ್‌ಡಿಸ್ಕ್‌ಗಳು ಇದ್ದವು. ಬೇಕಾದದ್ದು ನಮ್ಮ ಕಡೆ ಎಲ್ಲರೂ ಸಿಪಿಯು ಎಂದು ಕರೆಯುವ ಪೆಟ್ಟಿಗೆ ಮತ್ತು ಅದರ ಹೊಟ್ಟೆಯೊಳಗಿನ ಸಾಮಾನು. ‘ಒಂದು ಲ್ಯಾಪ್‌ಟಾಪ್ ತಗೊಂಡ್ಬಿಡು, ತಲೆನೋವಿರಲ್ಲ’ ಎಂದರು ನಮ್ಮ ಯಜಮಾನರು. ಆ ದುಡ್ಡಿನ ಲ್ಯಾಪ್‌ಟಾಪು ಎಡಿಟ್ ಮುಗಿದ ಒಂದು ಇಡೀ ಮದುವೆಯನ್ನು ಫೈಲಾಗಿ ಎಕ್ಸ್‌ಪೋರ್ಟ್ ಮಾಡುವಾಗ ಕಾದು ಕೆಂಡವಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದನ್ನು ವಿವರಿಸುವ ಗೋಜಿಗೆ ಹೋಗಲಿಲ್ಲ.

ಕಂಪ್ಯೂಟರಿನ ಮಿದುಳಾದ ಪ್ರಾಸೆಸರಿನ ವಿಷಯದಲ್ಲಿ ವಾದಕ್ಕೆ ಸಿಕ್ಕಿದವನು ಮೈದುನ. ಇಂಜಿನಿಯರಿಂಗ್ ಓದುವ ಹುಡುಗ, ಗೇಮು ಆಡುವವನು. ‘ಅತ್ತಿಗೆ, ರೈಜನ್ 5 5600 ಹಾಕ್ಸಿ, ಮೂರು ಸಾವಿರ ಉಳಿಯುತ್ತೆ’ ಅವನದು. ನನ್ನ ಕಣ್ಣು ಇಂಟೆಲ್ಲಿನ ಐ5 12400ರ ಮೇಲೆ. ಎರಡಕ್ಕೂ ಆರು ಕೋರು, ಹನ್ನೆರಡು ಥ್ರೆಡ್ಡು, ಅಂದರೆ ದುಡಿಯುವ ಕೈ ಸಮ. ಗೇಮಿಗಾದರೆ ಅವನ ಮಾತೇ ಸರಿ. ಆದರೆ 12400ರ ಒಳಗೇ ಒಂದು ಚಿಕ್ಕ ಗ್ರಾಫಿಕ್ಸ್ ಇದೆ, ಅದಕ್ಕೆ ಈ 4:2:2 ಫೈಲು ಬಿಡಿಸುವ ವಿದ್ಯೆ ಗೊತ್ತು. ಎನ್ವಿಡಿಯಾದ 30 ಸರಣಿಯ ಕಾರ್ಡುಗಳಿಗೇ ಅದು ಬರುವುದಿಲ್ಲ. 5600ರಲ್ಲಂತೂ ಗ್ರಾಫಿಕ್ಸೇ ಇಲ್ಲ. ಇಂಟೆಲ್ಲಿನಲ್ಲೂ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಆ ಚಿಕ್ಕ ಗ್ರಾಫಿಕ್ಸ್ ಇರುವುದಿಲ್ಲ, ಬೆಲೆ ಆಗ ಎರಡು ಸಾವಿರ ಕಮ್ಮಿ ಇತ್ತು. ಬಹಳ ಜನ ಕಾರ್ಡು ಹೇಗೂ ಹಾಕ್ತೀವಲ್ಲ ಎಂದು ಎಫ್ ತಗೊಳ್ಳುತ್ತಾರೆ. ನಾನು ಆ ಒಂದು ಅಕ್ಷರ ಇಲ್ಲದಿರುವುದಕ್ಕೇ ಎರಡು ಸಾವಿರ ಕೊಡಲು ತಯಾರಿದ್ದೆ. ಪಟ್ಟಿಯ ಮೊದಲ ಸಾಲು: 17,500.

ಎಲ್ಲ ಭಾಗ ಸಿಕ್ಕಿಸುವ ಮದರ್‌ಬೋರ್ಡಿಗೆ ಎಚ್610 ಎಂಬ ಅಗ್ಗದ ಬಗೆ ಹಾಕಿದರೆ ಮೂರು ಸಾವಿರ ಉಳಿಯುತ್ತಿತ್ತು. ಅದರಲ್ಲಿ ರ‍್ಯಾಮಿಗೆ ಎರಡೇ ಸ್ಲಾಟು. 8 ಜಿಬಿಯ ಎರಡು ಹಾಕಿದರೆ ಮುಂದೆ ಹೆಚ್ಚಿಸಬೇಕಾದಾಗ ಅವನ್ನೇ ಕಿತ್ತು ಮಾರಬೇಕು. 16ರ ಒಂದೇ ಹಾಕಿದರೆ ಎರಡು ಚಾನೆಲ್ಲಿನಲ್ಲಿ ಓಡಬೇಕಾದದ್ದು ಒಂದರಲ್ಲೇ ಕುಂಟುತ್ತದೆ. ನಾಲ್ಕು ಸ್ಲಾಟಿನ ಬಿ660 ಬೋರ್ಡು ಬರೆದೆ, 10,500. ರ‍್ಯಾಮಿನ ಹೊಸ ಬಗೆ ಡಿಡಿಆರ್5 ಆಗ ಕೈಗೆ ಎಟುಕುವಂತಿರಲಿಲ್ಲ, ಡಿಡಿಆರ್4 ಸಾಕು: 8ರ ಎರಡು, 4,200. ಫೈಲು ಇಡಲು ಒಂದು ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ 5,500.

ಆಮೇಲೆ ಗ್ರಾಫಿಕ್ಸ್ ಕಾರ್ಡು. 2021ರಲ್ಲಿ ಇದೇ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಬಿಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕ್ರಿಪ್ಟೊ ಮೈನಿಂಗಿನವರು ಬಾಚಿಕೊಂಡು ಹೋಗಿ, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಎಂಬ ಕ್ರಿಪ್ಟೊ ನಾಣ್ಯಕ್ಕೆ ಮೈನಿಂಗೇ ಬೇಡವಾಯಿತು. ಹಗಲೂ ರಾತ್ರಿ ದುಡಿದ ಕಾರ್ಡುಗಳೆಲ್ಲ ಸೆಕೆಂಡ್‌ಹ್ಯಾಂಡಿಗೆ ಬಂದವು. ಮೈದುನ ಅಂಥದ್ದೊಂದನ್ನು ಬಲು ಅಗ್ಗಕ್ಕೆ ಹುಡುಕಿದ್ದ. ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಪಾಂಡವಪುರದಲ್ಲಿ ಮೂವತ್ತು ವರ್ಷದಿಂದ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವವರು. ‘ಸುಟ್ಟೋದ್ ಮೋಟ್ರುಗೆ ಪೇಂಟ್ ಹೊಡ್ದು ಮಾರೋರ್ನ ನಾನ್ ನೋಡಿಲ್ವ ಮಗ?’ ಎಂದರು. ಹೊಸದನ್ನೇ ಬರೆದೆ: ಆರ್‌ಟಿಎಕ್ಸ್ 3060, 12 ಜಿಬಿ, 29,500. ಬೇರೆ ಯಾವ ಸಾಲು ಬರೆಯುವಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಕೂಡಿದರೆ 67,200. ಉಳಿದದ್ದು 2,800. ಕ್ಯಾಬಿನೆಟ್ಟು ಅನ್ನುವ ಹೊರಪೆಟ್ಟಿಗೆ, ಕರೆಂಟು ಹಂಚುವ ಡಬ್ಬವಾದ ಎಸ್‌ಎಂಪಿಎಸ್ಸು ಎರಡೂ ಅದರಲ್ಲೇ ಆಗಬೇಕು. ಎಸ್‌ಎಂಪಿಎಸ್ ಸಮೇತ ಬರುವ ಕ್ಯಾಬಿನೆಟ್ 2,600ಕ್ಕೆ ಸಿಗುತ್ತದೆ ಎಂದು ಗೊತ್ತಿತ್ತು, 450 ವ್ಯಾಟ್. ಬರೆದು ಅಡಿಗೆರೆ ಎಳೆದೆ. ಎರಡು ವಾರ ನಿದ್ದೆಗೆಟ್ಟು ಆರಿಸಿದ ಪಟ್ಟಿಯಲ್ಲಿ ಆ ಸಾಲಿಗೆ ನಾನು ಕೊಟ್ಟ ಸಮಯ ಎರಡು ನಿಮಿಷವೂ ಇರಲಾರದು.

ಮೈಸೂರಿಗೆ ಹೋದದ್ದು ರೈಲಿನಲ್ಲಿ. ಅಪ್ಪನಿಗೂ ವೈಂಡಿಂಗ್ ವೈರು ತರುವುದಿತ್ತು, ಪಾಂಡವಪುರ ಸ್ಟೇಷನ್ನಿನಲ್ಲಿ ಹತ್ತಿಕೊಂಡರು. ಶ್ರೀರಂಗಪಟ್ಟಣದ ಹೊಳೆ ದಾಟುವಾಗ ಪಟ್ಟಿ ತೋರಿಸಿದೆ. ಕನ್ನಡಕ ಏರಿಸಿ ಓದಿದರು. ಅರ್ಥವಾಗದ ಹೆಸರುಗಳನ್ನೆಲ್ಲ ಬಿಟ್ಟು ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ‘ಇದು ಏನ್ ಮಾಡದು?’ ಎಂದರು. ಗೋಡೆಯ ಕರೆಂಟನ್ನು 12 ವೋಲ್ಟಿಗೆ ಇಳಿಸಿ ಎಲ್ಲದಕ್ಕೂ ಕೊಡುವುದು ಎಂದೆ. ‘ಎಲ್ಲದ್ಕೂ ಅನ್ನ ಇಕ್ಕೋದು ಇದೇಯ. ಇದ್ಕೆ ಕೂಲಿ ಕಮ್ಮಿ’ ಎಂದು ಪಟ್ಟಿ ಮಡಚಿ ವಾಪಸ್ಸು ಕೊಟ್ಟರು. ನನಗೆ ಸ್ವಲ್ಪ ರೇಗಿತು. ಮೋಟಾರು ಬೇರೆ ಕಂಪ್ಯೂಟರು ಬೇರೆ ಅಂದುಕೊಂಡು ಕಿಟಕಿಯಾಚೆ ನೋಡಿದೆ.

ಅಂಗಡಿಯವನು ಮೊದಲು ಕೇಳಿದ್ದು, ‘ಮನೆಯವ್ರು ಗೇಮ್ ಆಡ್ತಾರಾ ಮೇಡಮ್?’ ಹನ್ನೊಂದು ವರ್ಷದಿಂದ ಎಡಿಟಿಂಗ್ ಮಾಡುತ್ತಿದ್ದೇನೆ, ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಯಜಮಾನರನ್ನೇ ವಿಚಾರಿಸುತ್ತಾರೆ. ಪಟ್ಟಿ ಕೊಟ್ಟೆ. ಒಂದೊಂದೇ ಡಬ್ಬ ಕೌಂಟರಿಗೆ ಬಂತು. ಕೊನೆಗೆ ಕ್ಯಾಬಿನೆಟ್ಟು. ಅಪ್ಪ ಅಲ್ಲಿಯವರೆಗೆ ಸ್ಟೂಲಿನ ಮೇಲೆ ಕೂತಿದ್ದವರು ಎದ್ದು ಬಂದು, ‘ಕರೆಂಟಿಂದು ಯಾವ್ದು? ವಸಿ ಬಿಚ್ಚಿ ಕೊಡಪ್ಪ’ ಎಂದರು. ನಾಲ್ಕು ಸ್ಕ್ರೂ ತೆಗೆದು ಕೈಗಿಟ್ಟರೆ ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿದರು. ಗುಜರಿ ಮೋಟಾರಿನಲ್ಲಿ ತಾಮ್ರ ಎಷ್ಟಿದೆ ಎಂದು ತಕ್ಕಡಿಯಿಲ್ಲದೆ ಹೇಳುವ ಕೈ ಅದು.

‘ಇದ್ಯಾಕಪ್ಪ ಇಷ್ಟ್ ಹಗೂರ ಅದೆ? ಒಳ್ಗೆ ಏನಾರ ಮಡಗವ್ರೋ ಇಲ್ವೋ?’

ಅಂಗಡಿಯ ಹುಡುಗ ನಕ್ಕ. ನನಗೆ ನಾಚಿಕೆಯಾಯಿತು. ಅಪ್ಪ ಲೇಬಲ್ಲು ಓದಲು ಕನ್ನಡಕ ಏರಿಸಿದರು. ‘450 ವ್ಯಾಟ್ ಅಂತ ದಪ್ಪಕ್ಷರ ಮ್ಯಾಲೈತೆ. 12 ವೋಲ್ಟ್ ಲೈನು ಎಷ್ಟ್ ಆಂಪ್ಸ್ ಅಂತ ಓದು ಮಗ.’ ಓದಿದೆ. 14. ‘ಹದ್ನಾಕ್ ಅನ್ನೆಲ್ಡ್ಲಿ ಎಷ್ಟು?’

168 ವ್ಯಾಟ್, ಆಂಪ್ಸನ್ನು ವೋಲ್ಟಿನಿಂದ ಗುಣಿಸಿದರೆ ಬರುವುದು ಅದೇ. ಕೌಂಟರಿನ ಮೇಲಿದ್ದ 3060 ಒಂದಕ್ಕೇ 170 ವ್ಯಾಟ್ ಬೇಕು. ಪ್ರಾಸೆಸರು ಭಾರ ಬಿದ್ದಾಗ 117ರವರೆಗೆ ಎಳೆಯುತ್ತದೆ. ಎರಡೂ ಅಂಕಿ ನನಗೆ ಬಾಯಿಪಾಠವಾಗಿದ್ದವು. ಕೂಡಿ ನೋಡಿರಲಿಲ್ಲ ಅಷ್ಟೆ. ಅಲ್ಲದೆ ಆ ಡಬ್ಬದಲ್ಲಿ ಕಾರ್ಡಿಗೆ ಕೊಡುವ ಎಂಟು ಪಿನ್ನಿನ ವೈರೇ ಇರಲಿಲ್ಲ. ‘ಅದಕ್ಕೆ ಕನ್ವರ್ಟರ್ ಬರುತ್ತೆ ಮೇಡಮ್, ಎಲ್ರೂ ಹಾಗೇ ಹಾಕ್ತಾರೆ’ ಎಂದ ಹುಡುಗ. ವೋಲ್ಟೇಜು ಬಿದ್ದು, ಮೂರು ಫೇಸಿನಲ್ಲಿ ಒಂದು ಹೋಗಿ, ಎರಡರಲ್ಲೇ ತಿರುಗಲು ಹೆಣಗಿ ಕಾಯಿಲು ಸುಟ್ಟುಕೊಂಡು ಬರುವ ಮೋಟಾರುಗಳನ್ನು ದಿನಾ ಬಿಚ್ಚುವ ಅಪ್ಪನ ಮುಂದೆ ಆ ಮಾತು ನಡೆಯಲಿಲ್ಲ.

550 ವ್ಯಾಟಿನ, 80 ಪ್ಲಸ್ ಬ್ರಾಂಜ್ ಗುರುತಿನ ಒಂದನ್ನು ತರಿಸಿದೆವು. ಅರ್ಧ ಹೊರೆಯಲ್ಲಿದ್ದಾಗ ಗೋಡೆಯಿಂದ ಎಳೆದ ನೂರರಲ್ಲಿ ಎಂಬತ್ತೈದರಷ್ಟಾದರೂ ಕೆಲಸಕ್ಕೆ ಮುಟ್ಟುತ್ತದೆ, ಉಳಿದದ್ದು ಶಾಖ ಎಂಬುದು ಆ ಗುರುತಿನ ಅರ್ಥ. 12 ವೋಲ್ಟಿಗೆ 43 ಆಂಪ್ಸ್. ಅಪ್ಪ ತೂಗಿ ನೋಡಿ ಏನೂ ಹೇಳದೆ ಸ್ಟೂಲಿಗೆ ಹೋಗಿ ಕೂತರು. ಬೆಲೆ 4,300. ಗಾಳಿಯಾಡುವ ಜಾಲರಿ ಮುಖದ ಕ್ಯಾಬಿನೆಟ್ 3,400. ಪಟ್ಟಿ ಹರಿದುಹೋಯಿತು.

ಎಲ್ಲಿ ಕತ್ತರಿಸುವುದು? ಬೋರ್ಡು ಇಳಿಸಲಾರೆ, ಪ್ರಾಸೆಸರಿಗೆ ಕಾರಣವಿದೆ, ಎಸ್‌ಎಸ್‌ಡಿ ಅರ್ಧ ಟಿಬಿ ಮಾಡಿದರೆ ಮೂರು ಮದುವೆಗೆ ತುಂಬಿಹೋಗುತ್ತದೆ. ಉಳಿದದ್ದು ಒಂದೇ ಸಾಲು. 3060 ಅಂಗಡಿಯ ಒಳಕ್ಕೆ ವಾಪಸ್ಸು ಹೋಯಿತು, 8 ಜಿಬಿಯ 3050 ಬಂತು, 24,000. ಅದಕ್ಕೆ 130 ವ್ಯಾಟ್ ಸಾಕು. ಒಟ್ಟು 69,400. ಎಲ್ಲದರ ಸೀರಿಯಲ್ ನಂಬರೂ ಬಿಲ್ಲಿನಲ್ಲಿ ಬರೆಸಿಕೊಂಡೆ. ಆ 12 ಜಿಬಿ ನೆನೆದರೆ ಇವತ್ತಿಗೂ ಒಂದೊಂದು ಸಲ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಜೋಡಿಸಿದ್ದು ಮಾರನೆಯ ದಿನ, ನಡುಮನೆಯಲ್ಲಿ ಜಮಖಾನ ಹಾಸಿ. ಈ ಇಂಟೆಲ್ಲಿನಲ್ಲಿ ಪಿನ್ನುಗಳಿರುವುದು ಪ್ರಾಸೆಸರಿನಲ್ಲಲ್ಲ, ಬೋರ್ಡಿನ ಸಾಕೆಟ್ಟಿನಲ್ಲಿ, ಕೂದಲಿನಂಥವು. ಮೇಲೆ ಇಟ್ಟು ಸನ್ನೆಕೋಲು ಒತ್ತುವಾಗ ಕರಕರ ಸದ್ದು ಬಂತು, ಮೈದುನ ಕಣ್ಣು ಮುಚ್ಚಿಕೊಂಡ. ರ‍್ಯಾಮು ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ. ಪವರ್ ಬಟನ್ನಿನ ಸೂಜಿಯಂಥ ವೈರುಗಳಿಗೆ ಅತ್ತೆಯ ಬೂತಗನ್ನಡಿ ಬೇಕಾಯಿತು. ಒತ್ತಿದರೆ ಫ್ಯಾನು ತಿರುಗಿ ಪರದೆ ಕಪ್ಪಗೇ ಇತ್ತು. ಬೋರ್ಡಿನ ಮೇಲ್ತುದಿಯಲ್ಲಿ ಪ್ರಾಸೆಸರಿಗೆಂದೇ ಇರುವ ಎಂಟು ಪಿನ್ನಿನ ವೈರು ಮರೆತಿದ್ದೆವು. ಅದೊಂದು ಸಿಕ್ಕಿಸಿದ ಮೇಲೆ ಎದ್ದು ಕೂತಿತು. ಬಯೋಸಿನಲ್ಲಿ, ಅಂದರೆ ಬೋರ್ಡಿನ ಒಳಸೆಟ್ಟಿಂಗಿನಲ್ಲಿ, ರ‍್ಯಾಮಿನ ಎಕ್ಸ್‌ಎಂಪಿ ಆನ್ ಮಾಡಿ ಅದರ ವೇಗ 3200ಕ್ಕೆ ಏರಿಸಿದೆ. ಹೊಸ ಕ್ಯಾಮೆರಾದ ಫೈಲು ಹಾಕಿ ಪ್ಲೇ ಒತ್ತಿದೆ. ಮದುಮಗ ಕೈ ಎತ್ತಿದವನು ನಿಲ್ಲದೆ ತಾಳಿ ಕಟ್ಟಿದ.

ಆ ಖುಷಿಯಲ್ಲಿ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಬೆನ್ನು ಸವರಿದೆ. ಜುಮ್ ಎಂದಿತು.

ಹಳೆಯದೂ ಹಾಗೇ ಅನ್ನುತ್ತಿತ್ತು. ಕಂಪ್ಯೂಟರು ಎಂದರೆ ಹೀಗೇ ಎಂದುಕೊಂಡು ಹತ್ತು ವರ್ಷ ಚಪ್ಪಲಿ ಹಾಕಿಕೊಂಡೇ ಕೂತಿದ್ದೆ. ಹೊಸದಕ್ಕೂ ಅದೇ ರೋಗ ಎಂದಾಗ ಅಪ್ಪನಿಗೆ ಫೋನ್ ಮಾಡಿದೆ. ‘ಮುಟ್ಬೇಡ, ಪ್ಲಗ್ ಕಿತ್ತಾಕು’ ಎಂದವರು ಭಾನುವಾರ ಬೆಳಿಗ್ಗೆಯೇ ಮೀಟರು, ಟೆಸ್ಟ್ ಲ್ಯಾಂಪು ಹಿಡಿದು ಬಂದರು. ಹೋಲ್ಡರಿಗೆ ಎರಡು ವೈರು ಕಟ್ಟಿದ ಬಲ್ಬು, ಅದೇ ಅವರ ಟೆಸ್ಟ್ ಲ್ಯಾಂಪು. ಫೇಸಿಗೂ ನ್ಯೂಟ್ರಲ್ಲಿಗೂ ಹಿಡಿದರೆ ಬಲ್ಬು ಉರಿಯಿತು. ಫೇಸಿಗೂ ಮೇಲಿನ ದಪ್ಪ ತೂತಿಗೂ, ಅಂದರೆ ಭೂಮಿಗೆ ಇಳಿಯಬೇಕಾದ ಅರ್ತಿಗೂ, ಹಿಡಿದರೆ ಮಿಣುಕು ಕೂಡ ಇಲ್ಲ. ಮಾವನವರ ಕಾಲದ ಮನೆ. ಮೂರು ಪಿನ್ನಿನ ಸಾಕೆಟ್ಟು ಆಮೇಲೆ ಹಾಕಿಸಿದ್ದಾರೆ, ಮೂರನೆಯದರ ಹಿಂದೆ ವೈರೇ ಇಲ್ಲ. ಬರೀ ಅಲಂಕಾರ.

ಒಳ್ಳೆಯ ಎಸ್‌ಎಂಪಿಎಸ್ಸಿನ ಬಾಯಲ್ಲೇ ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ಕವಚಕ್ಕೆ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ, ಕರೆಂಟಿನ ಗಲೀಜನ್ನು ಸೋಸಿ ಭೂಮಿಗೆ ಬಿಡಲು. ಭೂಮಿಯ ದಾರಿ ಮುಚ್ಚಿದ್ದರೆ ಆ ಎರಡರ ನಡುವೆ ಸಿಕ್ಕ ಕವಚ 230ರ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುತ್ತಿರುತ್ತದೆ. ಮೀಟರು 110ರ ಆಸುಪಾಸು ತೋರಿಸಿತು. ಹರಿಯುವ ಕರೆಂಟು ತೀರಾ ಕಮ್ಮಿ, ಅದಕ್ಕೇ ಬರೀ ಜುಮ್ಮು. ‘ಇವತ್ತು ಜುಮ್ ಅಂತದೆ. ಒಳ್ಗೆ ಒಂದಿನ ಫೇಸ್ ವೈರು ಬಾಡಿಗ್ ಮುಟ್ತು ಅಂದ್ರೆ ಜುಮ್ ಅನ್ನಕಿಲ್ಲ’ ಎಂದು ಅಪ್ಪ ಗುದ್ದಲಿ ಕೇಳಿದರು.

ಹಿತ್ತಲಲ್ಲಿ ತುಳಸಿಕಟ್ಟೆಯ ಪಕ್ಕ ಅರ್ತಿಂಗಿಗೆ ಜಾಗ ಹಿಡಿದರು, ಅಲ್ಲಿ ಮಣ್ಣು ಯಾವಾಗಲೂ ತೇವ. ಮೈದುನ ಆಳುದ್ದ ತೋಡಿದ. ಬಣ್ಣದ ದೀಪದ ಆರ್‌ಜಿಬಿ ಫ್ಯಾನು ಕೇಳಿದ್ದಕ್ಕೆ ಈ ಶಿಕ್ಷೆಯಾ ಅತ್ತಿಗೆ ಎಂದು ಗೊಣಗುತ್ತ. ಜಿಐ ಪೈಪು ನಿಲ್ಲಿಸಿ ಸುತ್ತ ಒಂದು ಪದರ ಹರಳುಪ್ಪು, ಒಂದು ಪದರ ಇದ್ದಿಲು. ಇದ್ದಿಲು ನಮ್ಮ ಬೀದಿಯ ಇಸ್ತ್ರಿ ಅಂಗಡಿಯದು. ಮೇಲೆ ಎರಡು ಬಕೀಟು ನೀರು. ಪೈಪಿನಿಂದ ಹಸಿರು ವೈರು ಎಳೆದು ಆ ಮೂರನೆಯ ತೂತಿಗೆ ಕೊಟ್ಟು ಟೆಸ್ಟ್ ಲ್ಯಾಂಪು ಹಿಡಿದಾಗ ಬಲ್ಬು ಪೂರ್ತಿ ಉರಿಯಿತು. ಚಪ್ಪಲಿ ಬಿಟ್ಟು ಹೋಗಿ ಕ್ಯಾಬಿನೆಟ್ಟಿನ ಮೇಲೆ ಕೈಯಿಟ್ಟೆ. ತಣ್ಣಗಿನ ತಗಡು.

ಹೊರಡುವಾಗ ಅಪ್ಪ ಅತ್ತೆಗೆ ಹೇಳಿ ಹೋದರು: ‘ಬ್ಯಾಸ್ಗೇಲಿ ಮಣ್ಣು ಒಣಗುದ್ರೆ ಅರ್ತು ಹಿಡಿಯಕಿಲ್ಲ ಬೀಗ್ತಿ, ವಸಿ ನೀರ್ ಬುಡಿ.’ ಮೇ ತಿಂಗಳು, ದಿನಕ್ಕೊಂದು ಮದುವೆ, ರಾತ್ರಿಯಿಡೀ ಎಕ್ಸ್‌ಪೋರ್ಟ್. ಒಂದು ಬೆಳಿಗ್ಗೆ ಕಣ್ಣುಜ್ಜುತ್ತ ಹಿತ್ತಲಿಗೆ ಬಂದರೆ ಅತ್ತೆ ತುಳಸಿಗೆ ಒಂದು ಚೊಂಬು ಹಾಕಿ, ಉಳಿದದ್ದನ್ನು ಪೈಪಿನ ಬಾಯಿಗೆ ಸುರಿಯುತ್ತಿದ್ದರು. ಪೈಪಿನ ಕೊರಳಿಗೆ ಅರಿಶಿನ ಕುಂಕುಮವೂ ಬಿದ್ದಿತ್ತು.