ಅವಳ 1340

2024ರ ಮಾರ್ಚ್ ಕೊನೆಯಲ್ಲಿ ತಿಪಟೂರಿನಿಂದ ಅಣ್ಣ ಫೋನ್ ಮಾಡಿದ್ದ. ಇಲ್ಲಿ ಅಮೆರಿಕದಲ್ಲಿ ನನ್ನ ಮಗಳಿಗೆ ಯಾವ ಕಾಲೇಜು ಸಿಕ್ಕಿತು ಅಂತ ಕೇಳೋಕೆ. "ಅಲ್ಲಮ್ಮ, 1600ಕ್ಕೆ 1530 ಬಂದ್ರೂ ಸೀಟ್ ಸಿಗ್ಲಿಲ್ವಾ?" ಅಂದ. ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ. ಅವನ ಮಗ ಆಗ ಸಿಇಟಿಗೆ ಓದುತ್ತಿದ್ದ. ಅಲ್ಲಿ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿ ರ‍್ಯಾಂಕ್ ಬರುತ್ತದೆ. ಆ ರ‍್ಯಾಂಕಿಗೆ ಯಾವ ಕಾಲೇಜು ಸಿಗುತ್ತದೆ ಅಂತ ಹಿಂದಿನ ವರ್ಷದ ಕಟಾಫ್ ನೋಡಿ ಊಹಿಸಬಹುದು.

ಇಲ್ಲಿ ಹಾಗಲ್ಲ. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 800, ಗಣಿತಕ್ಕೆ 800. ಆ ಅಂಕದ ಜೊತೆ ಹೈಸ್ಕೂಲಿನ ಗ್ರೇಡು, ಪ್ರಬಂಧ, ಶಿಕ್ಷಕರ ಪತ್ರ, ಮಗು ಶಾಲೆಯ ಹೊರಗೆ ಏನು ಮಾಡಿದೆ ಅನ್ನುವ ಪಟ್ಟಿ, ಎಲ್ಲವೂ ಕಾಲೇಜಿಗೆ ಹೋಗುತ್ತದೆ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಥರದ ಕಡೆ ನೂರು ಮಕ್ಕಳು ಅರ್ಜಿ ಹಾಕಿದರೆ ಮೂರೋ ನಾಲ್ಕೋ ಜನಕ್ಕೆ ಜಾಗ. 1530 ತೆಗೆದವರೇ ಸಾವಿರಾರು ಮಂದಿ ಇರುತ್ತಾರೆ. ಮಗಳಿಗೆ ಬೇರೆ ಒಳ್ಳೆಯ ಕಾಲೇಜು ಸಿಕ್ಕಿತು, ಖುಷಿಯಾಗಿ ಓದುತ್ತಿದ್ದಾಳೆ. ಅಣ್ಣನಿಗೆ ಅಂದು ಇಷ್ಟೇ ಹೇಳಿದೆ. ನನ್ನ ತಲೆಯಲ್ಲಿ ಮಾತ್ರ ಅವತ್ತು ಇನ್ನೊಬ್ಬ ಹುಡುಗಿ ಇದ್ದಳು.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಊರಿನ ಪೂರ್ವ ಭಾಗದ ಒಂದು ಲೈಬ್ರರಿಯಲ್ಲಿ ಶನಿವಾರ ನಾನು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅವಳು ಅಲ್ಲಿಗೆ ಬರುತ್ತಿದ್ದಳು. ತಂದೆ ತಾಯಿ ಮೆಕ್ಸಿಕೋದಿಂದ ಬಂದವರು. ಅಪ್ಪ ಮನೆಗಳ ಮಾಡು ಹೊದಿಸುವ ಕೆಲಸ, ಅಮ್ಮ ರಾತ್ರಿ ಹೊತ್ತು ಆಫೀಸುಗಳನ್ನು ಗುಡಿಸಿ ಒರೆಸುವ ಕೆಲಸ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. 2023ರ ಆಗಸ್ಟಿನಲ್ಲಿ ಎಸ್‌ಎಟಿ ಬರೆದಳು. ಬಡ ಮಕ್ಕಳಿಗೆ ಶುಲ್ಕ ಇರುವುದಿಲ್ಲ, ಹಾಗಾಗಿ ಬರೆಯೋಕೆ ಆಯಿತು. ಕೋಚಿಂಗ್ ಇಲ್ಲದೆ ಒಂದೇ ಸಲಕ್ಕೆ 1340. ನನ್ನ ಮಗಳು ಕೋಚಿಂಗಿಗೆ ಹೋಗಿ, ಮೂರು ಸಲ ಬರೆದು 1530ಕ್ಕೆ ಮುಟ್ಟಿದ್ದು.

ಕೋವಿಡ್ ಬಂದ 2020ರಿಂದ ಹೆಚ್ಚಿನ ಕಾಲೇಜುಗಳು ಸ್ಕೋರ್ ಕಳಿಸುವುದು ನಿಮ್ಮಿಷ್ಟ ಅಂತ ಬಿಟ್ಟಿದ್ದವು. ಆಗ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ. ಕಾಲೇಜಿಗೆ ಸೇರಿದವರ ಸ್ಕೋರು 1500ರ ಮೇಲಿದ್ದು ನಿನ್ನದು ಕೆಳಗಿದ್ದರೆ ಕಳಿಸಬೇಡ. ಅವಳು ಪೂರ್ವ ಕರಾವಳಿಯ ಆರು ಕಾಲೇಜುಗಳ ಪಟ್ಟಿ ಹಿಡಿದು ಬಂದು, "ಮಿಸ್, ಕಳಿಸಲಾ?" ಅಂತ ಕೇಳಿದಳು. ಬೇಡ ಅಂದೆ. ಮರುಮಾತಾಡದೆ ಆ ಪಟ್ಟಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಜನವರಿಯಲ್ಲಿ ಅರ್ಜಿಗಳು ಹೋದವು. ಫೆಬ್ರವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಡಾರ್ಟ್‌ಮತ್ ಕಾಲೇಜು ಮತ್ತೆ ಸ್ಕೋರ್ ಕಡ್ಡಾಯ ಮಾಡುತ್ತೇವೆ ಅಂತ ಪ್ರಕಟಿಸಿತು. ಅಲ್ಲಿನ ನಾಲ್ವರು ಪ್ರಾಧ್ಯಾಪಕರು ತಮ್ಮ ಕಾಲೇಜಿನ ಅರ್ಜಿಗಳನ್ನೇ ಕೂತು ಲೆಕ್ಕ ಹಾಕಿದ್ದರು. ಬಡ ಮನೆಯ, ಅನುಕೂಲ ಕಡಿಮೆ ಇರುವ ಶಾಲೆಯ ಮಕ್ಕಳು ತಮ್ಮ ಸ್ಕೋರು ಸಾಲದು ಅಂದುಕೊಂಡು ಮುಚ್ಚಿಡುತ್ತಿದ್ದರು. ಕಳಿಸಿದ್ದರೆ ಅದೇ ಸ್ಕೋರು ಅವರ ಕೈ ಹಿಡಿಯುತ್ತಿತ್ತು. ಯಾಕಂದರೆ ಅರ್ಜಿ ನೋಡುವವರು ಒಂದು ಸ್ಕೋರನ್ನು ಆ ಮಗುವಿನ ಶಾಲೆಯ ಸರಾಸರಿಯ ಪಕ್ಕ ಇಟ್ಟು ನೋಡುತ್ತಾರೆ.

ಅದನ್ನು ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಓದಿದೆ. ಅವಳ ಶಾಲೆಯ ಸರಾಸರಿ ಸಾವಿರವೂ ಇರಲಿಲ್ಲ. ಒಲೆ ಮೇಲೆ ಸಾರು ಉಕ್ಕಿದ್ದೂ ಗೊತ್ತಾಗಲಿಲ್ಲ.

ಈ ಮಾತು ಹೊಸದೂ ಆಗಿರಲಿಲ್ಲ. 2022ರ ಮಾರ್ಚಿನಲ್ಲೇ ಮ್ಯಾಸಚೂಸೆಟ್ಸ್‌ನ ಎಂಐಟಿ ಸ್ಕೋರ್ ಮತ್ತೆ ಕಡ್ಡಾಯ ಮಾಡಿ ಹೆಚ್ಚು ಕಡಿಮೆ ಇದನ್ನೇ ಹೇಳಿತ್ತು. ಓದಿದ್ದೆ. ಅದು ಎಂಐಟಿಗೆ ಮಾತ್ರ ಅಂದುಕೊಂಡೆ. ಡಾರ್ಟ್‌ಮತ್ ಹಿಂದೆಯೇ ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಎಲ್ಲವೂ ಕೆಲವೇ ತಿಂಗಳಲ್ಲಿ ಹಳೆಯ ದಾರಿಗೆ ಬಂದವು.

ನನಗಂತೂ ಇದು ತಾನಾಗೇ ಹೊಳೆಯಬೇಕಿತ್ತು. ನಾನು ಹತ್ತನೇ ಕ್ಲಾಸಿನ ತನಕ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವಳು. ಪಿಯುಗೆ ತುಮಕೂರಿಗೆ ಹೋದಾಗ ಫಿಸಿಕ್ಸ್ ಪುಸ್ತಕದ ಪಕ್ಕ ಡಿಕ್ಷನರಿ ಇಟ್ಟುಕೊಂಡು ಕೂರುತ್ತಿದ್ದೆ. ಬೆಂಗಳೂರಿನ ಹುಡುಗಿಯ 80ಕ್ಕೂ ನನ್ನ 70ಕ್ಕೂ ಎಷ್ಟು ದೂರ ಅಂತ ನನಗೆ ಗೊತ್ತಿತ್ತು. ಸಿಇಟಿಯಲ್ಲಿ ಗ್ರಾಮೀಣ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಇಟ್ಟಿರುವುದು ಇದೇ ಕಾರಣಕ್ಕೆ ಅಲ್ವಾ? ಎಷ್ಟು ಅಂಕ ಅನ್ನುವುದರ ಜೊತೆಗೆ ಎಲ್ಲಿ ಕೂತು ಓದಿ ತೆಗೆದದ್ದು ಅಂತಲೂ ಕೇಳಬೇಕು. ಇಷ್ಟೆಲ್ಲಾ ಗೊತ್ತಿದ್ದವಳು ಈ ಹುಡುಗಿಯ ಮುಂದೆ ಕೂತಾಗ ನನ್ನ ಮಗಳ ಅಳತೆಯಲ್ಲೇ ಅಳೆದೆ.

ಆರು ಕಾಲೇಜುಗಳೂ ಇಲ್ಲ ಅಂದವು. ಸ್ಕೋರ್ ಕಳಿಸಿದ್ದರೆ ಸಿಗುತ್ತಿತ್ತು ಅಂತ ಹೇಳಲಾರೆ. ಕಾರಣವನ್ನು ಯಾರೂ ತಿಳಿಸುವುದಿಲ್ಲ. ಪರೀಕ್ಷೆಯೇ ಶ್ರೀಮಂತರ ಪರ ಅನ್ನುವವರ ಮಾತಿನಲ್ಲೂ ಸತ್ಯ ಇದೆ. ಕೋಚಿಂಗಿಗೆ ನಾನು ಕೊಟ್ಟ ದುಡ್ಡು ನನಗೇ ನೆನಪಿದೆ. ಆದರೆ ಉಳಿದದ್ದು ಏನು ಕಡಿಮೆ? ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು 2023ರಲ್ಲಿ ತೋರಿಸಿದ್ದು, ಸ್ಕೋರು ಒಂದೇ ಇದ್ದರೂ ಅತಿ ಶ್ರೀಮಂತ ಶೇ. 1 ಮನೆಗಳ ಮಕ್ಕಳಿಗೆ ಹಾರ್ವರ್ಡ್, ಯೇಲ್ ಥರದ ಐವಿ ಮಟ್ಟದ ಕಾಲೇಜುಗಳಲ್ಲಿ ಸೀಟು ಸಿಗುವ ಸಾಧ್ಯತೆ ಮಧ್ಯಮ ವರ್ಗದವರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಪ್ರಬಂಧ ತಿದ್ದಿಸೋಕೆ, ದೊಡ್ಡ ದೊಡ್ಡ ಚಟುವಟಿಕೆ ಮಾಡಿಸೋಕೆ ದುಡ್ಡು ಬೇಡವೇ? 1340 ಮಾತ್ರ ಅವಳೊಬ್ಬಳೇ ಪೆನ್ಸಿಲ್ ಹಿಡಿದು ತೆಗೆದದ್ದು.

ಅವಳಿಗೆ ಸೀಟು ಕೊಟ್ಟಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಡೇವಿಸ್ ಕ್ಯಾಂಪಸ್ಸಿನಲ್ಲಿ. ಪ್ರವೇಶಕ್ಕೆ ಎಸ್‌ಎಟಿಯನ್ನು ನೋಡುವುದೇ ಇಲ್ಲದ ವಿಶ್ವವಿದ್ಯಾಲಯ ಅದು. ಅವಳ ಗ್ರೇಡುಗಳನ್ನು ನೋಡಿ ಕರೆದರು. ಅವರಿಗೆ ನಾನು ಋಣಿ. ಆದರೂ ಅವರು ಸ್ಕೋರನ್ನೂ ನೋಡಲಿ ಅಂತಲೇ ನನ್ನ ಆಸೆ. ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಒಮ್ಮೆ ಕ್ಷಮೆ ಕೇಳಿದೆ. "ಆಗ ನಿಮಗೂ ಗೊತ್ತಿರಲಿಲ್ಲ ಮಿಸ್" ಅಂದಳು.

ಈಗ ಅವಳ ತಮ್ಮ ಲೈಬ್ರರಿಗೆ ಬರುತ್ತಾನೆ. ಹನ್ನೊಂದನೇ ತರಗತಿ. ಪರೀಕ್ಷೆ ಈಗ ಲ್ಯಾಪ್‌ಟಾಪ್‌ನಲ್ಲಿ, 2 ಗಂಟೆ 14 ನಿಮಿಷ. ಮೊದಲ ಅಭ್ಯಾಸ ಪರೀಕ್ಷೆಯಲ್ಲಿ 1210 ಬಂತು. ಮುಖ ಸಪ್ಪೆ ಮಾಡಿಕೊಂಡು ತೋರಿಸಿದ. ಅರ್ಜಿಗಳ ಜೊತೆ ಶಾಲೆಯವರು ತಮ್ಮ ಶಾಲೆಯ ಪರಿಚಯದ ಒಂದು ಹಾಳೆ ಕಳಿಸುತ್ತಾರೆ. ಶಾಲೆಯ ಕೌನ್ಸೆಲರ್ ಹತ್ತಿರ ಅದನ್ನು ಕೇಳಿ ತಾ ಅಂದೆ. ಮುಂದಿನ ಶನಿವಾರ ತಂದ. ಎಸ್‌ಎಟಿ ಸರಾಸರಿ 960 ಅಂತ ಇತ್ತು. ಅದರ ಪಕ್ಕ ಅವನೇ ಪೆನ್ಸಿಲಿನಲ್ಲಿ 1210 ಅಂತ ಬರೆದುಕೊಂಡು ಬಂದಿದ್ದ.