ಮೊದಲು ಖರೀದಿ, ಆಮೇಲೆ ಟೆಸ್ಟಿಂಗ್

ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಹೊಟ್ಟೆಪಾಡು. ಇನ್ನೊಬ್ಬರು ಬರೆದ ಕೋಡಿನಲ್ಲಿ ಹುಳುಕು ಹುಡುಕಿ ಬೈಸಿಕೊಳ್ಳುವ ಕೆಲಸ. ಹಾಗಾಗಿ ಕ್ಷಿಪಣಿ ತಡೆಗೆ ಇಷ್ಟು ಶತಕೋಟಿ ಡಾಲರ್ ಅಂತ ಯಾವುದಾದರೂ ಸರ್ಕಾರ ಘೋಷಿಸಿದರೆ, ಇದನ್ನು ಟೆಸ್ಟ್ ಮಾಡಿದ್ದು ಯಾರು, ಯಾವಾಗ ಅಂತ ಕೇಳಬೇಕೆನಿಸುತ್ತದೆ.

1991ರ ಫೆಬ್ರವರಿ 25ರಂದು ಸೌದಿಯ ಧಹ್ರಾನ್‌ನಲ್ಲಿ ನಡೆದದ್ದನ್ನು ನಮ್ಮ ಕಸುಬಿನವರು ಮರೆಯುವ ಹಾಗಿಲ್ಲ. ಕೊಲ್ಲಿ ಯುದ್ಧದ ಸಮಯ. ಅಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಗಳನ್ನು ತಡೆಯಲು ಇಟ್ಟಿದ್ದ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆಯ ಕಂಪ್ಯೂಟರ್ ರೀಬೂಟ್ ಇಲ್ಲದೆ ನೂರು ಗಂಟೆ ಓಡಿತ್ತು. ಅದು ಹೊತ್ತನ್ನು ಎಣಿಸುತ್ತಿದ್ದದ್ದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಈ 0.1 ಇದೆಯಲ್ಲ, ಬೈನರಿಯಲ್ಲಿ ಬರೆಯಹೋದರೆ ಮುಗಿಯುವುದೇ ಇಲ್ಲ. 24 ಬಿಟ್‌ಗೆ ಕತ್ತರಿಸಿದರೆ ಒಂದು ಚೂರು ಉದುರಿಹೋಗುತ್ತದೆ. ನೂರು ಗಂಟೆಯಲ್ಲಿ ಆ ಚೂರುಗಳೆಲ್ಲ ಸೇರಿ 0.34 ಸೆಕೆಂಡ್ ಆಯಿತು. ಅಷ್ಟರಲ್ಲಿ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರ್ ದಾಟಿರುತ್ತದೆ. ರೇಡಾರ್ ತಪ್ಪು ಜಾಗದಲ್ಲಿ ಹುಡುಕಿತು, ಏನೂ ಸಿಗಲಿಲ್ಲ, ತಡೆ ಕ್ಷಿಪಣಿ ಹಾರಲೇ ಇಲ್ಲ. 28 ಅಮೆರಿಕನ್ ಸೈನಿಕರು ಸತ್ತರು. ‘ಬಹಳ ಹೊತ್ತು’ ಓಡಿಸಿದರೆ ತೊಂದರೆಯಾಗಬಹುದು ಅಂತ ಕೆಲವೇ ದಿನ ಮೊದಲು ಸೂಚನೆ ಹೋಗಿತ್ತು. ಬಹಳ ಹೊತ್ತು ಅಂದರೆ ಎಷ್ಟು ಗಂಟೆ ಅಂತ ಮಾತ್ರ ಅದರಲ್ಲಿ ಇರಲಿಲ್ಲ. (ಇಂಥ ರಿಲೀಸ್ ನೋಟ್ ನಾನೂ ಬೇಕಾದಷ್ಟು ಓದಿದ್ದೇನೆ.) ತಿದ್ದಿದ ಸಾಫ್ಟ್‌ವೇರ್ ಧಹ್ರಾನ್ ತಲುಪಿದ್ದು ಮರುದಿನ.

ಅದು ಯುದ್ಧದ ಅವಸರ, ಒಪ್ಪೋಣ. ಆದರೆ 2002ರಲ್ಲಿ ಆದದ್ದು ಮೇಜಿನ ಮುಂದೆ ಕೂತು ಮಾಡಿದ ತೀರ್ಮಾನ. ಆ ವರ್ಷ ಜನವರಿಯಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಅಲ್ಲಿನ ಕ್ಷಿಪಣಿ ರಕ್ಷಣಾ ಸಂಸ್ಥೆಯನ್ನು ಮಾಮೂಲಿ ಖರೀದಿ ನಿಯಮಗಳಿಂದ ಹೊರಗಿಟ್ಟರು. ದೂರದಿಂದ ಬರುವ ಕ್ಷಿಪಣಿಗಳಿಂದ ಅಮೆರಿಕವನ್ನು ಕಾಯಲು ಆ ಸಂಸ್ಥೆ ಕಟ್ಟುತ್ತಿದ್ದ ವ್ಯವಸ್ಥೆಯ ಡಿಸೆಂಬರ್ 11ರ ಪರೀಕ್ಷೆಯಲ್ಲಿ, ಗುರಿಗೆ ಡಿಕ್ಕಿ ಹೊಡೆಯಬೇಕಿದ್ದ ಭಾಗ ರಾಕೆಟ್‌ನಿಂದ ಕಳಚಿಕೊಳ್ಳಲೇ ಇಲ್ಲ. ಡಿಸೆಂಬರ್ 17ಕ್ಕೆ ಅಧ್ಯಕ್ಷ ಬುಷ್, 2004ರಲ್ಲಿ ಇದನ್ನು ನಿಯೋಜಿಸುತ್ತೇವೆ ಅಂತ ಘೋಷಿಸಿದರು! ನಮ್ಮಲ್ಲಿ ಯಾರಾದರೂ ಹೀಗೆ ಬಿಲ್ಡ್ ಫೇಲಾದ ವಾರವೇ ರಿಲೀಸ್ ದಿನಾಂಕ ಹೇಳಿದ್ದರೆ ಮೀಟಿಂಗಿನಲ್ಲಿ ಜಗಳವೇ ಆಗಿರುತ್ತಿತ್ತು.

ಘೋಷಿಸಿದಂತೆ ಅಲಾಸ್ಕಾದ ಫೋರ್ಟ್ ಗ್ರೀಲಿ ಸೇನಾ ನೆಲೆಯಲ್ಲಿ ತಡೆ ಕ್ಷಿಪಣಿಗಳು ನೆಲದೊಳಗಿನ ಉಡಾವಣಾ ಗುಂಡಿಗಳಿಗೆ ಇಳಿದವು. ಡಿಕ್ಕಿ ಹೊಡೆಯುವ ಭಾಗದ ಸುಧಾರಿತ ಮಾದರಿಯನ್ನಂತೂ ಒಂದೇ ಒಂದು ಸಲ ಗುರಿಗೆ ಹೊಡೆದು ನೋಡುವ ಮೊದಲೇ ಇಳಿಸಲಾಯಿತು. 2010ರಲ್ಲಿ ಅದು ಎರಡು ಸಲ ಸೋತಿತು. ಗೆದ್ದದ್ದು 2014ರ ಜೂನ್‌ನಲ್ಲಿ. ಅಷ್ಟೂ ವರ್ಷ ಕಾವಲು ಲೆಕ್ಕಕ್ಕೆ ಅದನ್ನು ಸೇರಿಸಿಕೊಳ್ಳುತ್ತಲೇ ಇದ್ದರು.

ಈ ತಂತ್ರಜ್ಞಾನವೇ ಬೊಗಳೆ ಅನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಅಮೆರಿಕದ್ದೇ ಇನ್ನೊಂದು ಕ್ಷಿಪಣಿ ತಡೆ ವ್ಯವಸ್ಥೆ ಥಾಡ್ ನೋಡಿ. 1990ರ ದಶಕದಲ್ಲಿ ಅದು ಸಾಲಾಗಿ ಆರು ಸಲ ಗುರಿ ತಪ್ಪಿತು. ಬೇಗ ನಿಯೋಜಿಸುವ ಅವಸರದ ಬಗ್ಗೆ 1998ರಲ್ಲಿ, ಇಂಥ ಪರೀಕ್ಷೆಗಳನ್ನು ಪರಿಶೀಲಿಸಿದ ಜನರಲ್ ವೆಲ್ಚ್ ಸಮಿತಿ ಕಟುವಾಗಿಯೇ ಬರೆಯಿತು. ಕೊನೆಗೆ ವಿನ್ಯಾಸವನ್ನೇ ಬದಲಿಸಿ, ವರ್ಷಗಟ್ಟಲೆ ಕಾದು ಮತ್ತೆ ಪರೀಕ್ಷೆಗೆ ಬಂದರು. ಆಮೇಲಿನ ಫಲಿತಾಂಶ ಚೆನ್ನಾಗಿದೆ. 2022ರ ಜನವರಿಯಲ್ಲಿ ಯುಎಇಯಲ್ಲಿ ನಿಜವಾದ ದಾಳಿಯನ್ನೂ ತಡೆಯಿತು. ಥಾಡ್ ಮತ್ತು ಅಲಾಸ್ಕಾದ ವ್ಯವಸ್ಥೆ, ಎರಡರ ಗುರಿ ಬೇರೆ, ದೂರ ಬೇರೆ, ನಿಜ. ಆದರೂ ಒಂದನ್ನು ನಿಯೋಜಿಸುವ ಮೊದಲೇ ತಿದ್ದಿದರು, ಇನ್ನೊಂದನ್ನು ನಿಯೋಜಿಸಿದ ಮೇಲೆ.

ಈಗ ಗೋಲ್ಡನ್ ಡೋಮ್, ಅಂದರೆ ಬಾಹ್ಯಾಕಾಶದಿಂದಲೂ ಕ್ಷಿಪಣಿ ತಡೆದು ಇಡೀ ಅಮೆರಿಕವನ್ನು ಕಾಯುವ ಯೋಜನೆ. 2025ರ ಮೇ ತಿಂಗಳಲ್ಲಿ ಟ್ರಂಪ್ ಹೇಳಿದ್ದು 175 ಶತಕೋಟಿ ಡಾಲರ್, ಸುಮಾರು ಮೂರು ವರ್ಷ. ಬಾಹ್ಯಾಕಾಶದ ತಡೆ ಕ್ಷಿಪಣಿಗಳಿಗೇ 20 ವರ್ಷಕ್ಕೆ 161ರಿಂದ 542 ಶತಕೋಟಿ ಬೇಕಾಗಬಹುದು ಅಂತ ಅಮೆರಿಕ ಸಂಸತ್ತಿನ ಬಜೆಟ್ ಕಚೇರಿಯ ಅಂದಾಜು. ಈ ಅಂತರದ ಬಗ್ಗೆ ಎಲ್ಲರೂ ಬರೆದಾಗಿದೆ. ನನ್ನ ತಲೆ ತಿನ್ನುವುದು ಬೇರೆ: ಈ ತಡೆ ಕ್ಷಿಪಣಿಗಳನ್ನು ಹೊತ್ತು ಭೂಮಿಗೆ ಹತ್ತಿರದ ಕೆಳಕಕ್ಷೆಯಲ್ಲಿ ಸುತ್ತುವ ಉಪಗ್ರಹ ಬಾಳುವುದೇ ಕೆಲವು ವರ್ಷ, ಆಮೇಲೆ ಬದಲಿ ಕಳಿಸಬೇಕು. 2010ರಲ್ಲಿ ಸೋತ ಮಾದರಿ ಗೆಲ್ಲಲು ನಾಲ್ಕು ವರ್ಷ ಹಿಡಿಯಿತು. ಅದೇ ವೇಗದಲ್ಲಿ ಹೋದರೆ, ಮೊದಲ ಕಂತಿನ ಟೆಸ್ಟ್ ರಿಪೋರ್ಟ್ ಕೈಗೆ ಬರುವಷ್ಟರಲ್ಲಿ ಎರಡನೇ ಕಂತಿನ ಆರ್ಡರ್ ಹೋಗಿರುತ್ತದೆ.